ಕುಂಕುಮ ಹಚ್ಚಿದ ಮೂರನೆಯ ಭಾಗ

ನಿನ್ನೆ ಮೊಮ್ಮಗಳಿಗೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಕಟ್ಟು ಬಿಚ್ಚಿದವಳೇ ಮೂಗಿಗೆ ಹಿಡಿದು ವಾಸನೆ ನೋಡಿದಳು. "ಮೂರನೇ ಭಾಗ ಅಜ್ಜಿ, ಇದೇ ಕೊನೆ. ಆ ಹುಡುಗಿ ಗೆಲ್ತಾಳೋ ಇಲ್ವೋ ಇವತ್ತು ಗೊತ್ತಾಗತ್ತೆ," ಎಂದು ಕೋಣೆ ಸೇರಿದವಳು ಊಟಕ್ಕೂ ಬರಲಿಲ್ಲ. ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗೆಲ್ಲಿದೆ ಹೇಳಿ?

ಅರವತ್ತರ ದಶಕದಲ್ಲಿ ನಾವು ಹೊಸನಗರದಲ್ಲಿದ್ದೆವು. ಇವರಿಗೆ ಕಚೇರಿಯಲ್ಲಿ ಗುಮಾಸ್ತಿಕೆ. ಬಸ್ ನಿಲ್ಲುವ ಜಾಗದ ಹಿಂದೆಯೇ ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರು, ಅತ್ತೆ. ಅಲ್ಲಿ ದೇವರು ನನಗೆ ಕೊಟ್ಟ ಅನುಕೂಲಗಳಲ್ಲಿ ಮೊದಲನೆಯದು ಹಿತ್ತಲ ಬಾವಿಯ ಸಿಹಿನೀರು. ಎರಡನೆಯದು, ಸಾಗರದ ವಾಚನಾಲಯದಿಂದ ಬಸ್ಸಿನಲ್ಲಿ ಬರುತ್ತಿದ್ದ ಕಥೆಪುಸ್ತಕ.

ಆ ವರ್ಷ ಮೂರು ಭಾಗದ ಒಂದು ಕಥೆ ಸಿಕ್ಕಿತು. ಕುಂಬಾರರ ಹುಡುಗಿಯನ್ನು ಕಾಡಿನ ದೇವಿ ಆರಿಸಿಕೊಂಡು, ಮಾಂತ್ರಿಕ ರಾಜನ ಮೇಲೆ ಯುದ್ಧಕ್ಕೆ ಕಳಿಸುತ್ತಾಳೆ. ಮಧ್ಯಾಹ್ನ ನಾನು ಓದುವುದು, ಅತ್ತೆ ಬತ್ತಿ ಹೊಸೆಯುತ್ತ ಕೇಳುವುದು. ಅವರಿಗೆ ಬರುತ್ತಿದ್ದ ಓದೆಂದರೆ ಪಂಚಾಂಗದ ತಿಥಿ, ವಾರಗಳನ್ನು ಬೆರಳಿಟ್ಟು ಕೂಡಿಸಿ ಓದುವಷ್ಟೇ. ಎರಡನೆಯ ಭಾಗದ ಕೊನೆಗೆ ರಾಜ ಆ ಹುಡುಗಿಯ ಕಣ್ಣಿನ ಬೆಳಕನ್ನೇ ಕಸಿದುಕೊಂಡ. ಅತ್ತೆ ಅಂದು ಪಾಯಸ ಮುಟ್ಟಲಿಲ್ಲ.

"ಆ ಕೂಸಿಗೆ ಕಣ್ಣು ಬರೂವರೆಗೆ ನನಗೆ ಸಿಹಿ ಬೇಡ ಮಾರಾಯ್ತಿ."

"ಅದು ಕಥೆ ಅತ್ತೆ."

"ದೇವಿ ಆರಿಸಿದ್ದು ಅಂದ್ಮೇಲೆ ಬರೀ ಕಥೆ ಹ್ಯಾಂಗಾಗತ್ತೆ?"

ಮೂರನೆಯ ಭಾಗ ಬಂದಾಗ ಅತ್ತೆ ಅದನ್ನು ದೇವರ ಮುಂದಿಟ್ಟು ರಟ್ಟಿಗೆ ಅರಿಶಿನ ಕುಂಕುಮ ಹಚ್ಚಿಯೇಬಿಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಅದು ತೀರ್ಥಹಳ್ಳಿಯ ಬಸ್ಸು ಹತ್ತಬೇಕು, ಓದುವ ಮುಂದಿನ ಸರದಿ ಅಲ್ಲಿಯವರದು. ಅದೇ ಹೊತ್ತಿಗೆ ನಾನು ಹೊರಗಾದೆ. ತಿಂಗಳಿಗೆ ಮೂರು ದಿನ ಹಿಂದಿನ ಜಗಲಿಯಲ್ಲಿ ಬೇರೆ ಕೂರುವುದು ಆಗಿನ ಪದ್ಧತಿ. ಒಲೆಯಿಲ್ಲ, ಪಾತ್ರೆಯಿಲ್ಲ, ನಿಜ ಹೇಳುತ್ತೇನೆ, ನನಗೆ ಅದೇ ಓದಿನ ಸುಗ್ಗಿ. ಕಥೆಪುಸ್ತಕಕ್ಕೆ ಮೈಲಿಗೆಯಿಲ್ಲವೆಂದು ಅತ್ತೆಯೇ ತೀರ್ಪು ಕೊಟ್ಟಿದ್ದರು. ಆದರೆ ಕುಂಕುಮ ಬಿದ್ದ ಮೇಲೆ ಇದು ಕಥೆಪುಸ್ತಕವಾಗಿ ಉಳಿದಿರಲಿಲ್ಲ.

"ಒರೆಸಿಬಿಡಿ ಅತ್ತೆ," ಎಂದೆ.

"ಹಚ್ಚಿದ ಕುಂಕುಮ ಒರೆಸೂದಾ? ಎಂತ ಮಾತಾಡ್ತೀಯೇ?"

ಓದಿ ಹೇಳಿ ಎಂದು ಇವರನ್ನು ಕೇಳಿದರೆ, ಕಚೇರಿಯ ಕಡತ ಓದಿದ್ದೇ ಸಾಕಾಗಿದೆ ಎಂದು ಜಾರಿಕೊಂಡರು.

ಕಡೆಗೆ ಅತ್ತೆ ಹೊಸ್ತಿಲ ಒಳಗೆ ಮಣೆ ಹಾಕಿ, ಬೆರಳಿಟ್ಟು ತಾವೇ ಶುರುಮಾಡಿದರು. "ಕ... ಕತ್ತ... ಕತ್ತಲೆ." ಮೊದಲ ದಿನ ನಾಲ್ಕು ಪುಟ. ಕೊನೆಯ ಹಾಳೆ ತಿರುವಿ ನೋಡಿ ಎಂದು ನಾನು ಗೋಗರೆದೆ. "ಪುರಾಣನ ಬಾಲದಿಂದ ಓದ್ತಾರನೇ?" ಎಂದರು. ಆದರೆ ಮಾರನೆಯ ದಿನದಿಂದ ಯುದ್ಧ ಬಂದಲ್ಲೆಲ್ಲ, "ಕಡಿದ್ರು, ಸತ್ರು, ಮುಂದೆ," ಎಂದು ಹತ್ತಿಪ್ಪತ್ತು ಪುಟ ಒಟ್ಟಿಗೆ ಹಾರಿಸತೊಡಗಿದರು.

ನಾಲ್ಕನೆಯ ಬೆಳಿಗ್ಗೆ ನಾನು ತಲೆಗೆ ಮಿಂದು ಒಳಗೆ ಬಂದಾಗ ಉಳಿದದ್ದು ಎರಡು ಪುಟ. ಬಸ್ಸು ಹಾರನ್ ಹಾಕುತ್ತಿತ್ತು. ಕೈ ಚಾಚಿದೆ. "ಕೊಡಿ ಅತ್ತೆ, ಒಂದೇ ನಿಮಿಷಕ್ಕೆ ಓದಿ ಮುಗಿಸ್ತೀನಿ."

ಅತ್ತೆ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಇಲ್ಲೀವರೆಗೆ ನಾನು ಕರ್ಕೊಂಡು ಬಂದಿದೀನಿ. ದಾಟಿಸೂದೂ ನಾನೇ."

ಅವರ ಹಣೆಯ ಮೇಲೆ ಬೆವರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಒದ್ದೆ ಕೂದಲಲ್ಲೇ ಓಡಿ, ನಾಳೆ ಕೊಡುತ್ತೇವೆ, ತೀರ್ಥಹಳ್ಳಿಯವರಿಗೆ ಹೇಳಪ್ಪಾ ಎಂದು ಕಂಡಕ್ಟರನ್ನು ಬೇಡಿಕೊಂಡೆ.

"ಹೇಳ್ತೀನಿ ಬಿಡಿ. ಆ ಹುಡುಗಿಗೆ ಕಣ್ಣು ಬಂತಾ ಅಮ್ಮ?" ಎಂದ. ಅತ್ತೆ ಅವನಿಗೂ ಚಿಂತೆ ಹಚ್ಚಿದ್ದರು.

ನಾನು ಮನೆಗೆ ಬಂದಾಗ ಅವರು ಕೊನೆಯ ಪುಟದಲ್ಲಿದ್ದರು. "ಕ... ಕಣ್ಣು. ತೆ... ರೆ... ದ... ಳು." ಬೆರಳು ತೆಗೆದು ಮತ್ತೆ ಓದಿದರು. ಈ ಸಲ ಎಲ್ಲೂ ತಡವರಿಸಲಿಲ್ಲ. ಆಮೇಲೆ, "ಬೆಲ್ಲದ ಡಬ್ಬಿ ತಗಂಡು ಬಾರೇ," ಎಂದರು.

ನಿನ್ನೆ ಸಂಜೆ ಮೊಮ್ಮಗಳು ಕಣ್ಣು ಕೆಂಪು ಮಾಡಿಕೊಂಡು ಹೊರಬಂದಳು. "ಗೆದ್ಲು ಅಜ್ಜಿ. ಕಥೆ ಹೇಳ್ಲಾ?"

ಬೇಡ, ಮೊದಲನೆಯ ಭಾಗ ಕೊಡು ಎಂದೆ.

"ಅದು ಇಂಗ್ಲಿಷಲ್ಲಿದೆ ಅಜ್ಜಿ."

ಇಂಗ್ಲಿಷ್ ನನಗೆ ಮಾತ್ರೆಯ ಚೀಟಿ ಕೂಡಿಸಿ ಓದುವಷ್ಟು ಬರುತ್ತದೆ. ಪಡಸಾಲೆಯಲ್ಲಿ ಕೂತು ಬೆರಳಿಟ್ಟೆ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅರ್ಧ ಪುಟವಾಯಿತು. ಹುಡುಗಿ ಇನ್ನೂ ಮನೆ ಬಿಟ್ಟು ಹೊರಟಿಲ್ಲ.