ಸ್ವಂತ ವಾಸದ ಅಗತ್ಯ

ನಮ್ಮ ದೊಡ್ಡಮ್ಮ ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಜನರನ್ನು ವಾಪಸ್ ಕಳಿಸಿದವಳು. ಸಹಿ ಗೆರೆ ದಾಟಿದರೆ ಸಾಕು, ಹೊಸ ಫಾರಂ. ಜನ ಹಿಡಿಶಾಪ ಹಾಕುತ್ತಿದ್ದರು. ಅವಳಿಗೆ ಅದು ಹೊಗಳಿಕೆಯಾಗಿ ಕೇಳಿಸುತ್ತಿತ್ತು.

ನಿವೃತ್ತಿಯಾದ ಮೇಲೆ ಮಂಡಿನೋವು ಹಿಡಿಯಿತು. ವಾಸ ಮಹಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಕೆಳಗಿನ ಮನೆ ಖಾಲಿಯಾದರೆ ಉಳಿದ ಆಯುಷ್ಯವನ್ನು ನೆಲದ ಮೇಲೆ ನೆಮ್ಮದಿಯಾಗಿ ಕಳೆಯಬಹುದು. ಆದರೆ ಅಲ್ಲಿ ಬಾಡಿಗೆಗಿದ್ದ ಟೈಲರ್ ಏನು ಮಾಡಿದರೂ ಬಿಡಲೊಲ್ಲ. “ಅಮ್ಮಾ, ಗಿರಾಕಿಗಳಿಗೆ ಗೊತ್ತಿರೋದು ಇದೊಂದೇ ಬಾಗಿಲು” ಎನ್ನುತ್ತಿದ್ದ.

ನನ್ನಮ್ಮ, ಅಂದರೆ ದೊಡ್ಡಮ್ಮನ ತಂಗಿ, ಸುಲಭದ ದಾರಿ ಹೇಳಿದಳು. “ಅಕ್ಕಾ, ನೀರು ನಿಲ್ಸು. ಎಂಟೇ ದಿನಕ್ಕೆ ಗಂಟುಮೂಟೆ ಕಟ್ತಾನೆ.”

“ನೀರು ನಿಲ್ಸೋ ಹಾಗಿಲ್ಲ. ಬೀಗ ಬದಲಾಯ್ಸೋ ಹಾಗಿಲ್ಲ. ಅವನದೊಂದು ಸೂಜಿನೂ ಆಚೆ ಇಡೋ ಹಾಗಿಲ್ಲ. ಮೊದ್ಲು ನೋಟಿಸು, ಆಮೇಲೆ ಕೋರ್ಟು. ಮನೆ ನನಗೇ ಬೇಕು ಅಂತ ನಾನು ಸಾಬೀತು ಮಾಡ್ಬೇಕು.”

ನೋಟಿಸನ್ನು ಕೆಳಗಿನ ಮನೆಗೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಗಡುವಿನ ನಡುವೆ ಟೈಲರನ ನಲ್ಲಿ ಒಡೆದಾಗ ಪ್ಲಂಬರನನ್ನು ಕರೆಸಿ ಹೊಸದು ಹಾಕಿಸಿದವಳೂ ಇವಳೇ. ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

ಕೇಸು ನಡೆಯಿತು. ಮೆಟ್ಟಿಲನ್ನೂ ಮಂಡಿಯನ್ನೂ ನೋಡಿ ಬರಲು ಕೋರ್ಟು ಒಬ್ಬ ಎಳೆಯ ವಕೀಲನನ್ನು ಕಮಿಷನರ್ ಮಾಡಿ ಕಳಿಸಿತು. “ನೀವು ಮೇಲೇ ಕೂತಿರಿ, ದಯವಿಟ್ಟು ಏಳ್ಬೇಡಿ” ಎಂದು ನಮ್ಮ ವಕೀಲರು ಕೈಮುಗಿದು ಹೇಳಿದ್ದರು. ಆದರೆ ಆದೇಶದಲ್ಲಿ ‘ಸ್ಥಳದಲ್ಲಿ ಹಾಜರಿರತಕ್ಕದ್ದು’ ಎಂದಿತ್ತು. ಸ್ಥಳ ಅಂದರೆ ಕೆಳಗಿನ ಮನೆ. ದೊಡ್ಡಮ್ಮ ಬೆಳಗ್ಗೆಯೇ ಇಳಿದು ಕೂತಿದ್ದಳು.

“ಇದು ಮನೆಪತ್ರದ ನಕಲು. ಮೂಲ ಪತ್ರ ಬೇಕಲ್ಲಾ” ಎಂದ ಹುಡುಗ.

ದೊಡ್ಡಮ್ಮನ ಮುಖ ಅರಳಿತು. ಎಷ್ಟೋ ವರ್ಷದ ಮೇಲೆ ಕೆಲಸ ಗೊತ್ತಿರುವ ಒಬ್ಬ ಮನುಷ್ಯ ಸಿಕ್ಕಿದ್ದ! ನಾನು ತರುತ್ತೇನೆಂದರೆ ಕೇಳಲಿಲ್ಲ. ಅವಳ ಕಡತಗಳನ್ನು ಬೇರೆಯವರು ಮುಟ್ಟುವಂತಿಲ್ಲ. ಕಂಬಿ ಹಿಡಿದು ಹತ್ತಿದಳು, ತುಟಿ ಕಚ್ಚಿ ಇಳಿದಳು. ಅವನು ತೆರಿಗೆ ರಸೀದಿ ಕೇಳಿದ. ಮತ್ತೆ ಹತ್ತಿದಳು. ಗುರುತಿನ ಚೀಟಿ ಕೇಳಿದ. ಮತ್ತೆ.

ಅವನು ಬರೆದ: ‘ಅರ್ಜಿದಾರರು ಯಾರ ನೆರವೂ ಇಲ್ಲದೆ ಮೂರು ಬಾರಿ ಮೆಟ್ಟಿಲು ಹತ್ತಿ ಇಳಿದರು.’ ಓದಿ ಸಹಿ ಮಾಡಿ ಎಂದು ಕೊಟ್ಟ.

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು. ದೊಡ್ಡಮ್ಮ ಎರಡು ಸಲ ಓದಿದಳು.

“ಇದರಲ್ಲಿ ತಪ್ಪಿದೆ.”

ಸದ್ಯ, ಬುದ್ಧಿ ಬಂತು ಅಂದುಕೊಂಡೆ.

“ಮೂರಲ್ಲಪ್ಪ, ನಾಲ್ಕು. ನೀನು ಫೋನಲ್ಲಿ ಮಾತಾಡ್ತಿದ್ದಾಗ ಕನ್ನಡಕ ತರೋಕೆ ಹೋಗಿದ್ದೆ.” ‘ಮೂರು’ ಹೊಡೆದು ‘ನಾಲ್ಕು’ ಬರೆದು, ತಿದ್ದಿದ ಕಡೆ ಒಂದು, ಕೆಳಗೊಂದು ಸಹಿ ಹಾಕಿದಳು. ಟೈಲರ್ ಕೂಡ ತಲೆ ತಗ್ಗಿಸಿದ.

ಹುಡುಗ ಬೀದಿಗೆ ಇಳಿದದ್ದೇ ತಡ, ಮನೆಗೆ ಹೋಗಲೆಂದು ಎದ್ದ ದೊಡ್ಡಮ್ಮ ಮೊದಲ ಮೆಟ್ಟಿಲ ಬಳಿಯೇ ಕುಸಿದಳು. ಕಾಲು ಎತ್ತಲಾಗಲಿಲ್ಲ. ಟೈಲರ್ ತನ್ನ ಕುರ್ಚಿ ತಂದ. ಅದರಲ್ಲಿ ಕೂರಿಸಿ ನಾನೂ ಅವನೂ ಮೇಲಕ್ಕೆ ಹೊರತೊಡಗಿದೆವು. ನನಗೆ ಅಳು ಬಂತು, ಸಿಟ್ಟೂ ಬಂತು.

“ಅಕ್ಕಾ, ಆ ಹುಡುಗ ಇನ್ನೂ ಮೂಲೆ ತಿರುಗಿಲ್ಲ, ಕರೀತೀನಿ. ಇದನ್ನೂ ನೋಡ್ಲಿ, ಬರ್ಕೊಳ್ಳಲಿ!” ಎಂದು ಅಮ್ಮ ಓಡಲು ಹೊರಟಳು.

ದೊಡ್ಡಮ್ಮ ಕುರ್ಚಿಯಲ್ಲಿ ಓಲಾಡುತ್ತಲೇ ಗಡಿಯಾರ ನೋಡಿಕೊಂಡಳು.

“ಬೇಡ. ಪರಿಶೀಲನೆ ಹನ್ನೊಂದರಿಂದ ಹನ್ನೆರಡು. ಈಗ ಹನ್ನೆರಡು ದಾಟಿ ಮೂರು ನಿಮಿಷ.”