ಚಕ್ಕುಲಿ ತಂದವಳ ಪಾಲಿನ ಕೆಲಸ

ಬರಿಗೈಯಲ್ಲಿ ಯಾರ ಮುಂದೆಯೂ ಹೋಗಬಾರದೆಂಬುದು ವಸುಂಧರಾಳ ಹುಟ್ಟುಗುಣ. ನಲವತ್ತು ದಾಟಿದ ಮೇಲೆ ನೈರೋಬಿಯ ಕಾಲೇಜೊಂದರಲ್ಲಿ ಸಮಾಜಸೇವೆಯ ಡಿಪ್ಲೊಮಾಕ್ಕೆ ಸೇರಿದಳಲ್ಲ, ಗುಂಪು ಪ್ರಾಜೆಕ್ಟಿನ ಮೊದಲ ಸಭೆಗೂ ಪುಸ್ತಕದ ಜೊತೆ ಒಂದು ಡಬ್ಬಿ ಚಕ್ಕುಲಿ ಹಿಡಿದೇ ಹೊರಟಳು. ಎಡವಟ್ಟಾದದ್ದು ಅಲ್ಲೇ.

ಗುಂಪಿನಲ್ಲಿ ಇನ್ನಿಬ್ಬರು, ವಿನ್ಸೆಂಟ್ ಮತ್ತು ವಂಬುಯಿ. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಬಾಯಲ್ಲಿ ಚಕ್ಕುಲಿ ಇರುವಾಗಲೇ ಕೆಲಸ ಹಂಚಿಕೊಂಡರು. ಸೌತ್ ಸಿ ಬಡಾವಣೆಯಲ್ಲಿ ತರಕಾರಿ ಮಾರುವ ಹೆಂಗಸರನ್ನು ಮಾತಾಡಿಸುವುದು ವಂಬುಯಿ, ಬರೆದು ತರಗತಿಯ ಮುಂದೆ ಮಂಡಿಸುವುದು ವಿನ್ಸೆಂಟ್. ವಸುಂಧರಾಳನ್ನು ಗೌರವದಿಂದ 'ಮಮಾ', ಅಮ್ಮ ಎಂದು ಕರೆದು, ತಿಂಡಿ ತರುವುದು ಮತ್ತು ವರದಿಯ ಬೈಂಡಿಂಗ್ ಒಪ್ಪಿಸಿದರು. ಈಕೆ ನಕ್ಕು, ಸ್ವಾಹಿಲಿಯಲ್ಲೇ 'ಸವಾ', ಆಗಲಿ, ಅಂದುಬಿಟ್ಟಳು. ಮದುವೆಯಾದಂದಿನಿಂದ ಆಗಲಿ ಆಗಲಿ ಎಂದೇ ಪಳಗಿದ ನಾಲಿಗೆ, ಇನ್ನೇನು ಹೇಳೀತು?

ಮನೆಗೆ ಬಂದ ಮೇಲೆ ಮೈಮೇಲೆ ಇರುವೆ ಬಿಟ್ಟ ಹಾಗಾಯಿತು. ರಿವರ್‌ಸೈಡಿನ ಕಚೇರಿಯಿಂದ ಬಂದ ಗಂಡ ಜಗನ್ನಾಥ ಎಲ್ಲ ಕೇಳಿ, "ಒಳ್ಳೇದೇ ಆಯ್ತಲ್ಲ, ಟೆನ್ಷನ್ ಇಲ್ದೆ ಮಾರ್ಕ್ಸ್ ಬರತ್ತೆ," ಎಂದ. ಆಕೆ ಸೇರಿದ್ದು ಮಾರ್ಕ್ಸಿಗಲ್ಲ. ಗಂಡನ ನೌಕರಿಯ ಬಾಲ ಹಿಡಿದು ಈ ಊರಿಗೆ ಬಂದವಳಿಗೆ, ಇದು ನಾನು ಮಾಡಿದ್ದು ಎನ್ನುವ ಒಂದು ಕೆಲಸ ಬೇಕಿತ್ತು. ವಾಟ್ಸಾಪಿನಲ್ಲಿ ಗುಂಪಿಗೆ ಬರೆದಳು, ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಕೊನೆಗೆ ಯಾರಿಗೂ ಹೇಳದೆ ತಾನೇ ತರಕಾರಿ ಹೆಂಗಸರ ಬಳಿ ಕೂತು, ಬಂದಷ್ಟು ಸ್ವಾಹಿಲಿಯಲ್ಲಿ ಮಾತಾಡಿಸಿ, ಆರೇಳು ಪುಟ ಬರೆದಳು.

ಮುಂದಿನ ಸಭೆಯಲ್ಲಿ ಮೇಜಿನ ಮೇಲೆ ತಿಂಡಿಯ ಬದಲು ಪುಟಗಳನ್ನಿಟ್ಟಳು. ವಂಬುಯಿಗೆ ಸಿಟ್ಟು ನೆತ್ತಿಗೇರಿತು. ಹೇಳದೆ ಕೇಳದೆ ತನ್ನ ಕೆಲಸಕ್ಕೆ ಕೈ ಹಾಕಿದ್ದೇಕೆ, ಬೇಕಿದ್ದರೆ ಅವತ್ತೇ ಬಾಯಿ ಬಿಡಬಾರದಿತ್ತೇ ಎಂದು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಹಿರಿಯರಿಗೆ ಹಗುರದ ಕೆಲಸ ಕೊಟ್ಟದ್ದು ಮರ್ಯಾದೆಗಾಗಿ ಎಂದ ವಿನ್ಸೆಂಟ್.

"ನಾನು ನಿಮ್ಮ ತಾಯಿಯಲ್ಲ, ಜೊತೆಗೆ ಓದುವವಳು," ಎಂದಳು ವಸುಂಧರಾ. "ಹೇಳದೆ ಮಾಡಿದ್ದು ತಪ್ಪು. ಆದರೆ ಈ ಕೆಲಸದಲ್ಲಿ ನನಗೂ ಪಾಲು ಬೇಕು."

ವಂಬುಯಿ ಮುಖ ಗಂಟಿಕ್ಕಿಕೊಂಡೇ, ಆ ಹೆಂಗಸರನ್ನು ನಾವಿಬ್ಬರೂ ಸೇರಿ ಮಾತಾಡಿಸೋಣ ಎಂದಳು. ವಿನ್ಸೆಂಟ್ ಪುಟಗಳನ್ನು ಎಳೆದುಕೊಂಡು ಕೊನೆಯತನಕ ಓದಿದ.

"ವಸುಂಧರಾ, ಇದರಲ್ಲಿ ಅವರ ಮಾತಿಗಿಂತ ನಿನ್ನ ಉಪದೇಶವೇ ಜಾಸ್ತಿ. ಅರ್ಧ ತೆಗೆಯಬೇಕು."

ಮಗನ ವಯಸ್ಸಿನವನು 'ಮಮಾ' ಬಿಟ್ಟು ಹೆಸರು ಹಿಡಿದು ಕರೆದು, ಬರೆದದ್ದು ಚೆನ್ನಾಗಿಲ್ಲ ಎಂದಿದ್ದ. ಆಕೆಗೆ ಮೈಯೆಲ್ಲ ಉರಿಯಿತು. ಎಷ್ಟೋ ವರ್ಷಗಳ ಮೇಲೆ ಇಷ್ಟು ಖುಷಿಯೂ ಆಯಿತು. ಅರ್ಧ ಎಂದರೆ ಯಾವ ಅರ್ಧ ಎಂದು, ಕುರ್ಚಿ ಮುಂದಕ್ಕೆಳೆದುಕೊಂಡು ಜಗಳಕ್ಕೆ ಕೂತಳು.