ಮೆಹಬೂಬ್ ಚಾಚಾ ಮತ್ತು ಸೊಟ್ಟ ರೋಲರ್

ಯಂತ್ರದಿಂದ ಕಳಚಿದ ಹಳೆಯ ಭಾಗವನ್ನು ಮೆಹಬೂಬ್ ಚಾಚಾ ಗಿರಾಕಿಯ ಎದುರಿಗೇ ನಾಶ ಮಾಡುತ್ತಿದ್ದರು. ಸ್ವಿಚ್ಚು, ಕೆಪಾಸಿಟರ್ ಆದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯ ಒಂದೇ ಏಟು. ರಬ್ಬರಿನದಾದರೆ ಕತ್ತರಿ. "ಇದು ಇನ್ನೊಬ್ಬರ ಮಶೀನಿನ್ಯಾಗ ಹೋಗಿ ಕುಂಡ್ರಬಾರ್ದು ನೋಡ್ರಿ. ನನ್ನ ಅಂಗಡ್ಯಾಗಿಂದ ಖರಾಬ್ ಮಾಲ್ ಹೊರಗ ಹೋಗಂಗಿಲ್ಲ" ಎನ್ನುತ್ತಿದ್ದರು. ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವರ ರೇಡಿಯೊ ರಿಪೇರಿ ಅಂಗಡಿಯ ಆ ಕಲ್ಲಿಗೆ ನಡುವೆ ಗುಳಿ ಬಿದ್ದಿತ್ತು. ಹಾಗೆಂದು ನನ್ನ ನೆನಪು. ಫೋಟೊ ಇಲ್ಲ, ಚೆನ್ನಾಗಿ ಕಾಣಲೆಂದು ಗುಳಿಯನ್ನು ನಾನೇ ಕೊರೆದಿರಲೂಬಹುದು.

ಆಳಂದದ ನಮ್ಮ ಮನೆಯಲ್ಲಿ ತೊಗರಿ ಚೀಲ ಇಡುತ್ತಿದ್ದ ಕೋಣೆ ಈಗ ನನ್ನ ಸ್ಟುಡಿಯೊ. ಗೋಡೆಗೊರಗಿ ಮಾಡ್ಯುಲರ್ ಸಿಂಥಸೈಜರ್ ಇದೆ: ಶಬ್ದ ಹುಟ್ಟಿಸುವ, ಸೋಸುವ, ಮುರಿಯುವ ಪೆಟ್ಟಿಗೆಗಳು, ಅವನ್ನು ಬೇಕಾದಂತೆ ಜೋಡಿಸುವ ಬಣ್ಣದ ವಯರುಗಳು. "ಇದೇನ್ ಬೇ, ಟೆಲಿಫೋನ್ ಆಫೀಸ್ ಮನ್ಯಾಗ ತಂದಿಟ್ಟೀ?" ಎಂದು ಅವ್ವ ಕೇಳುತ್ತಾಳೆ. ಪಕ್ಕದಲ್ಲಿ, ಹಿರೋಳ್ಳಿಯ ಮೈಕ್‌ಸೆಟ್‌ನವರಿಂದ ತಂದ ಹಳೆಯ ಟೇಪ್ ಎಕೊ ಯಂತ್ರ. ಒಳಗೆ ಟೇಪು ಸುತ್ತುತ್ತಲೇ ಇದ್ದು, ಕೇಳಿದ ಸದ್ದನ್ನು ಬೆನ್ನಿಗೇ ಮತ್ತೆ ನುಡಿಯುತ್ತದೆ. ಟೇಪನ್ನು ಎಳೆಯುವ ರಬ್ಬರ್ ರೋಲರ್ ಸವೆದು ಸೊಟ್ಟಗಾಗಿದ್ದರಿಂದ ಮರುದನಿ ಜೋಲಿ ಹೊಡೆಯುತ್ತಿತ್ತು. ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳವನ್ನು ಅದರೊಳಗೆ ಬಿಟ್ಟು, ಅಲ್ಲಿಂದ ಸಿಂಥಸೈಜರ್‌ಗೆ ಹಾಯಿಸಿ ನಾನೊಂದು ಕೃತಿ ಕಟ್ಟುತ್ತಿದ್ದೆ. ಅರ್ಧ ರೆಕಾರ್ಡ್ ಆಗಿತ್ತು. ಆ ಜೋಲಿಯೇ ಅದರ ಜೀವ.

ಅಷ್ಟರಲ್ಲಿ ಎಕೊ ಯಂತ್ರದ ಮೋಟಾರು ನಿಂತಿತು. ಚಾಚಾ ಬಳಿ ಬಿಟ್ಟು ಬಂದೆ. ಮೋಟಾರು ಮಾತ್ರ ಮುಟ್ಟಿರಿ ಎಂದಿದ್ದೆನೆಂದು ನಾನು. ಹಾಗೆ ಅನ್ನಲೇ ಇಲ್ಲವೆಂದು ಅವರು. ತರಲು ಹೋದಾಗ, "ರೋಲರ್ ಬಿ ಬದ್ಲಿ ಮಾಡೀನಿ ಬೇಟಿ. ಹೊಸಾ ಮಶೀನ್ ಆಗ್ಯದ" ಎಂದು ಹಚ್ಚಿ ತೋರಿಸಿದರು. ಮರುದನಿ ದಾರ ಹಿಡಿದಂತೆ ನೆಟ್ಟಗೆ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಳೆಯ ರೋಲರ್ ಅವರ ಕತ್ತರಿಗೆ ಸಿಕ್ಕು ನಾಲ್ಕು ತುಂಡಾಗಿತ್ತು.

"ಚಾಚಾ, ಅದೇ ಬೇಕಾಗಿತ್ರಿ ನನಗ! ಆ ಸೊಟ್ಟ ದನೀನೇ ಬೇಕಾಗಿತ್ತು."

"ಸೊಟ್ಟ ದನಿ ಯಾರ್ ಕೇಳ್ತಾರ ಬೇಟಿ?"

"ನಾ ಕೇಳ್ತೇನ್ರಿ. ಅರ್ಧಕ್ಕ ನಿಂತದ ಕೆಲಸ. ಮತ್ತ ಹಂಗೇ ಮಾಡಿಕೊಡ್ರಿ."

ಅವರು ಕನ್ನಡಕ ತೆಗೆದರು. "ಚಾಳೀಸ್ ವರ್ಷ ಆತು ಇಲ್ಲಿ ಕುಂತು. ಮಂದಿ ಕೆಟ್ಟದ್ದು ತರ್ತಾರ, ನೆಟ್ಟಗ ಮಾಡ್ತೇನಿ. ನೀ ನೆಟ್ಟಗಿದ್ದದ್ದು ಕೆಡಸು ಅಂತೀ. ಮೆಹಬೂಬನ ಕೈ ಹೋತು ಅಂತಾರ ನಾಳಿಗೆ."

ನಾನು ನನ್ನ ಫೋನಿನಲ್ಲಿದ್ದ ಅರ್ಧ ಕೃತಿಯನ್ನು ಕೇಳಿಸಿದೆ. ಪೂರ್ತಿ ಕೇಳಿ, "ಇದನ್ನ ನನ್ನ ಫೋನಿಗಿ ಹಾಕು" ಎಂದಷ್ಟೇ ಹೇಳಿದರು. ನಾನು ಅತ್ತೆನೆಂದು ಅವರು ಆಮೇಲೆ ಎಲ್ಲರಿಗೂ ಹೇಳಿದ್ದಾರೆ. ಅಳಲಿಲ್ಲ. ಬಹುಶಃ.

ಮುಂದೆ ಯಂತ್ರ ಹೊತ್ತು ಹೋದಾಗಲೆಲ್ಲ ಅವರು ಫೋನನ್ನು ಕಿವಿಗೊತ್ತಿ, ಹೊಸ ರೋಲರನ್ನು ಉಸುಕಿನ ಕಾಗದದಿಂದ ಚೂರು ಚೂರೇ ತಿಕ್ಕುತ್ತಿದ್ದರು. ಮೊದಲನೆಯದನ್ನು ಹಚ್ಚಿ ಕೇಳಿ ತಲೆಯಾಡಿಸಿದರು. "ಇದು ಕುಡುಕನ ನಡಗಿ ಆತು. ನಿನ್ನ ಮಶೀನ್ ಕುಡದಿಲ್ಲ ಬೇಟಿ, ಮುದುಕಿ ಆಗ್ಯದ. ಒಂದ್ ಕಾಲು ನೋಯ್ತದ, ಹಂಗ ನಡೀತದ." ಎರಡನೆಯದು ಸರಿಯಾಗಿದೆಯೆಂದು ನಾನು ಒಪ್ಪಿದೆ. ಅವರು ಒಪ್ಪಲಿಲ್ಲ. "ಕಿವಿ ಅದಾವೋ ಇಲ್ಲೋ ನಿನಗ? ಖರಾಬ್ ಬಿ ಬರಾಬರ್ ಖರಾಬ್ ಆಗಬೇಕು" ಎಂದು ಅದನ್ನೂ ಕತ್ತರಿಸಿದರು. ಪ್ರಯೋಗ ಮಾಡುವವಳು ನಾನೆಂದು ತಿಳಿದಿದ್ದೆ. ಆ ದಿನ ನಾಚಿಕೆಯಾಯಿತು.

ಕೊನೆಗೆ ಒಂದು ದಿನ ಚಾಚಾ ಕರವಸ್ತ್ರದಲ್ಲಿ ರೋಲರ್ ಸುತ್ತಿಕೊಂಡು ತಾವೇ ಬಸ್ಸು ಹತ್ತಿ ಆಳಂದಕ್ಕೆ ಬಂದರು. ಅಂದು ಮಳೆಯಿತ್ತೆಂದು ನನಗೆ ಗಟ್ಟಿ ನೆನಪು. ಆದರೆ ಅಂದಿನ ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದಿದೆ, ಮಳೆಯಿಲ್ಲ. ರೆಕಾರ್ಡಿಂಗನ್ನೇ ನಂಬುತ್ತೇನೆ. ಅದರಲ್ಲಿ ರೊಟ್ಟಿಯ ಸಪ್ಪಳ ಬರುತ್ತದೆ, ಅದರ ಬೆನ್ನಿಗೆ ನೋಯುವ ಕಾಲೆಳೆದುಕೊಂಡು ಮರುದನಿ ಬರುತ್ತದೆ. ಆಮೇಲೆ ಅವ್ವನ ದನಿ: "ಇದು ನಾನೇ ಏನ್ರಿ ಅಣ್ಣಾರ? ಕುಂಟಾಕತ್ತೇನಲ್ರಿ!" ಚಾಚಾ ಅವಳ ಮಾತು ಮುಗಿಯಲೂ ಬಿಡುವುದಿಲ್ಲ: "ಕುಂಟಿಸಿದಾಂವ ನಾ ರೀ ಅಕ್ಕಾ!"

ಅಂದೇ ಉಳಿದರ್ಧ ಮುಗಿಸಿ, ಪೂರ್ತಿ ಕೃತಿಯನ್ನು ಚಾಚಾ ಅವರ ಫೋನಿಗೆ ಹಾಕಿದೆ. ಎರಡರ್ಧಗಳ ಬೆಸುಗೆ ಎಲ್ಲಿದೆಯೆಂದು ಈಗ ನನಗೇ ತಿಳಿಯುವುದಿಲ್ಲ. ಚಾಚಾರನ್ನು ಮತ್ತೆ ನೋಡಲಾಗಲಿಲ್ಲ. ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ಜೇವರ್ಗಿಯಲ್ಲಿರುವ ಅವರ ಮಗಳ ಮನೆಗೆ ಹೋದೆ. ಕಡೆಗಾಲದಲ್ಲಿ ಅವರು ಅಲ್ಲಿಯೇ ಇದ್ದರಂತೆ.

"ಮನಿಗಿ ಬಂದ ಮಂದಿಗೆಲ್ಲಾ ಫೋನ್ ಹಚ್ಚಿ ಕೇಳಸ್ತಿದ್ರು ನಮ್ಮ ಅಬ್ಬಾ" ಎಂದರು ಮಗಳು. "ನಮಗೇನ್ ತಿಳೀತದ್ರಿ, ಬರೇ ರೊಟ್ಟಿ ಸಪ್ಪಳ. ಯಾರರ ನಕ್ರ ಸಿಟ್ಟಿಗೇಳ್ತಿದ್ರು. 'ನೆಟ್ಟಗ ಮಾಡೋರು ಊರ ತುಂಬ ಅದಾರ, ಇಷ್ಟು ಬರಾಬರ್ ಸೊಟ್ಟ ಮಾಡಾಂವನ್ನ ಒಬ್ಬನ್ನ ತೋರಸ್ರಿ' ಅಂತಿದ್ರು."